ಕಡಲಿಗೂ ಒಂದು ದಿನಚರಿ ಉಂಟು

ರಜೆ ಸಮೀಪಿಸಿತೆಂದರೆ ಬಯಲುಸೀಮೆಯ ಮನೆಗಳಲ್ಲಿ ಒಂದು ಚರ್ಚೆ ಏಳುವುದು ವಾಡಿಕೆ. ಯಜಮಾನರಿಗೆ ಬೆಟ್ಟದ ತಂಪು ಬೇಕು, ಮಕ್ಕಳಿಗೆ ಕಡಲು ಬೇಕು, ಅಜ್ಜಿಗೆ ಒಂದು ಕ್ಷೇತ್ರದರ್ಶನವಾಗಬೇಕು. ಗೃಹಿಣಿಯ ಅಭಿಪ್ರಾಯವನ್ನು ಕೇಳುವ ಸಂಪ್ರದಾಯ ಇನ್ನೂ ಎಲ್ಲ ಮನೆಗಳಲ್ಲಿಯೂ ಬೇರೂರಿಲ್ಲವಾದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳೋಣ. ಈ ಮೂರು ಪಕ್ಷಗಳಿಗೂ ಸಮಾಧಾನವಾಗುವ ಊರು ಉಡುಪಿ. ಆಗುಂಬೆಯ ಘಟ್ಟವಿಳಿದು ಬಂದರೆ ಬೆಟ್ಟವಾಯಿತು; ಕೃಷ್ಣಮಠದಲ್ಲಿ ದರ್ಶನವಾಯಿತು; ಅಲ್ಲಿಂದ ಆರು ಕಿಲೋಮೀಟರಿನಷ್ಟು ಪಶ್ಚಿಮಕ್ಕೆ ನಡೆದರೆ ಮಲ್ಪೆಯ ಕಡಲು ಕಾದುಕೊಂಡಿದೆ.

ಹೀಗೆ ಹೊರಟ ಸಂಸಾರವು ಕಡಲಿಗೆಂದು ಒಂದೇ ಒಂದು ದಿನವನ್ನು ಮೀಸಲಿಡುತ್ತದೆ. ಆ ದಿನದ ಕಾರ್ಯಕ್ರಮವೂ ಮನೆಯಲ್ಲಿಯೇ ನಿಶ್ಚಯವಾಗಿರುತ್ತದೆ. ಎಂಟಕ್ಕೆ ತಿಂಡಿ, ಹತ್ತಕ್ಕೆ ದೇವಸ್ಥಾನ, ಒಂದಕ್ಕೆ ಊಟ, ಸ್ವಲ್ಪ ವಿಶ್ರಾಂತಿ, ನಾಲ್ಕೂವರೆಗೆ ಸಮುದ್ರಸ್ನಾನ, ಆರೂವರೆಗೆ ಸೂರ್ಯಾಸ್ತ. ಎಲ್ಲರ ಅನುಕೂಲವನ್ನೂ ವಿಚಾರಿಸಿ ರಚಿಸಿದ ಈ ಪಟ್ಟಿಯಲ್ಲಿ ಒಬ್ಬರ ಅನುಕೂಲ ಮಾತ್ರ ಮರೆತುಹೋಗಿರುತ್ತದೆ. ಅದು ಕಡಲಿನದು. ಕಡಲಿಗೂ ತನ್ನದೇ ಆದ ದಿನಚರಿ ಉಂಟು. ಅದನ್ನು ತಿಳಿದು ನಡೆದವರಿಗೆ ಆ ಒಂದು ದಿನ ಹತ್ತು ದಿನಗಳ ಸಂತೋಷವನ್ನು ಕೊಡುತ್ತದೆ, ತಿಳಿಯದೆ ನಡೆದವರಿಗೆ ಒಮ್ಮೊಮ್ಮೆ ಜನ್ಮಪರ್ಯಂತದ ದುಃಖವನ್ನು ಕೊಡುತ್ತದೆ.

ಮೊದಲು ಮುಂಜಾನೆಯನ್ನೇ ನೋಡೋಣ. ನಮ್ಮದು ಪಶ್ಚಿಮ ಕರಾವಳಿಯಾದ್ದರಿಂದ ಸೂರ್ಯನು ಕಡಲಿನಿಂದ ಮೇಲೇಳುವುದಿಲ್ಲ. ತೆಂಗಿನ ತೋಟಗಳ ಹಿಂದಿನಿಂದ ಬರುತ್ತಾನೆ. ಆದ್ದರಿಂದ ಬೆಳಗಿನ ಮೊದಲ ಗಳಿಗೆಗಳಲ್ಲಿ ಮರಳಿನ ಮೇಲೆ ಮರಗಳ ನೀಳವಾದ ನೆರಳು ಹಾಸಿರುತ್ತದೆ. ಗಾಳಿ ಇನ್ನೂ ಎದ್ದಿರುವುದಿಲ್ಲ. ಇಳಿತದ ವೇಳೆಯೂ ಅದೇ ಆಗಿದ್ದರೆ, ಒದ್ದೆ ಮರಳಿನ ಮೇಲೆ ಯಾರೋ ರಂಗೋಲಿ ಬಿಡಿಸಿದಂತೆ ಕಡಲೆಕಾಳಿಗಿಂತ ಚಿಕ್ಕದಾದ ಮರಳುಂಡೆಗಳು ಸಾಲುಸಾಲಾಗಿ ಕಾಣುತ್ತವೆ. ಅದು ಪುಟ್ಟ ಏಡಿಗಳ ಕೆಲಸ. ನೀರು ಹಿಂದೆ ಸರಿದೊಡನೆ ಅವು ಬಿಲದಿಂದ ಹೊರಬಂದು, ಮರಳನ್ನು ಬಾಯಿಗಿಟ್ಟು, ಅದರಲ್ಲಿನ ಆಹಾರವನ್ನು ಮಾತ್ರ ಸೋಸಿಕೊಂಡು, ಉಳಿದುದನ್ನು ಉಂಡೆಮಾಡಿ ಬಿಸಾಡುತ್ತವೆ. ಮುಂದಿನ ಉಬ್ಬರ ಬಂದು ಅಷ್ಟನ್ನೂ ಅಳಿಸುತ್ತದೆ. ಅದೃಷ್ಟವಿದ್ದರೆ ಮೊಗವೀರರು ಕೈರಂಪಣಿ ಬಲೆಯನ್ನು ಎಳೆಯುವುದನ್ನೂ ನೋಡಬಹುದು. ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ಎರಡು ತಂಡಗಳು ಎರಡು ತುದಿಗಳನ್ನು ದಡದಿಂದಲೇ ಎಳೆಯುವ ಈ ಕೆಲಸದಲ್ಲಿ ಒಂದು ಕಾಲಕ್ಕೆ ಊರಿಗೆ ಊರೇ ಕೂಡುತ್ತಿತ್ತು. 1970ರ ದಶಕದಲ್ಲಿ ಯಂತ್ರದ ದೋಣಿಗಳ ದೊಡ್ಡ ಬಲೆಗಳು ಬಂದಮೇಲೆ ದೊಡ್ಡ ರಂಪಣಿಯ ಕಾಲ ಮುಗಿಯಿತು; ಚಿಕ್ಕದಾದ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿದಿದೆ. ಹತ್ತು ಗಂಟೆಗೆ ಬಂದವರಿಗೆ ಇವೊಂದೂ ಕಾಣಲಾರವು.

ಉಬ್ಬರ ಇಳಿತಗಳ ಲೆಕ್ಕ ಕಷ್ಟದ್ದೇನಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇಂದಿನ ವೇಳೆಗಿಂತ ನಾಳೆಯ ವೇಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದುಗೂಡುವುದರಿಂದ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಪರ್ವದಿನಗಳಲ್ಲಲ್ಲದೆ ಸಮುದ್ರವನ್ನು ಮುಟ್ಟಬಾರದೆಂದು ಅಜ್ಜಿಯಂದಿರು ಹೇಳುವುದುಂಟು. ಇಂದಿನ ಮಕ್ಕಳು ಅದನ್ನು ಕೇಳಿ ನಗಬಹುದು. ಆದರೆ ಕಡಲೆಂಬುದು ಮನಸ್ಸು ಬಂದಾಗಲೆಲ್ಲ ಧುಮುಕುವ ಊರಕೆರೆಯಲ್ಲ, ಅಪ್ಪಣೆ ಕೇಳಿ ಇಳಿಯಬೇಕಾದ ಸ್ಥಳ ಎಂಬ ಭಾವನೆಯಾದರೂ ಆ ಮಾತಿನೊಳಗೆ ಅಡಗಿದೆ. ಅದನ್ನು ನಗೆಯೊಡನೆ ಎಸೆದುಬಿಡಬಾರದು.

ಹನ್ನೊಂದು ಗಂಟೆ ದಾಟಿತೆಂದರೆ ದಿನಚರಿಯ ಎರಡನೆಯ ಅಧ್ಯಾಯ. ನೆಲವು ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲಕ್ಕೇರಲು, ಆ ತೆರವನ್ನು ತುಂಬಲು ಕಡಲಿನ ತಂಪುಗಾಳಿ ಒಳನುಗ್ಗುತ್ತದೆ. ಮಧ್ಯಾಹ್ನವೆಲ್ಲ ಇದು ಬಲಿಯುತ್ತ ಹೋಗುತ್ತದೆ. ಗಾಳಿ ತಂಪಾಗಿದೆಯೆಂದು ಬಿಸಿಲಿನಲ್ಲಿ ನಿಂತವರ ಬೆನ್ನು ಸಂಜೆಗೆ ಕೆಂಪಾಗುವುದು ಈ ಮೋಸದಿಂದಲೇ. ಆ ವೇಳೆ ನೆರಳಿಗೆ, ಊಟಕ್ಕೆ, ಎಳನೀರಿಗೆ ಮೀಸಲು. ಅಲ್ಲಿಯವರು ಎಳನೀರಿಗೆ ಬೊಂಡವೆನ್ನುತ್ತಾರೆ. ಬೆಂಗಳೂರಿನವರು ಅದನ್ನು ಬೋಂಡವೆಂದು ಕೇಳಿಸಿಕೊಂಡು, ಈ ಸೆಕೆಯಲ್ಲಿ ಕರಿದ ತಿಂಡಿ ಬೇಡವೆಂದು ನಿರಾಕರಿಸಿ, ಬಾಯಾರಿ ಕುಳಿತರೆ ಅದಕ್ಕೆ ತುಳುನಾಡು ಹೊಣೆಯಲ್ಲ.

ಊಟಕ್ಕೆ ಮೊದಲೇ ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರಿ ದ್ವೀಪಗಳಿಗೆ ಹೋಗಿಬರುವುದು ಲೇಸು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ನೆಲದಿಂದುಕ್ಕಿದ ಕಾದ ಶಿಲಾರಸವು ಆರಿ ಕುಗ್ಗುತ್ತ ಬಿರುಕುಬಿಟ್ಟು ಕಂಬಕಂಬವಾಗಿ ನಿಂತಿರುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಐದು ಮೂಲೆ ಆರು ಮೂಲೆಗಳ ಆ ಕಂಬಗಳನ್ನು ಯಾವ ಶಿಲ್ಪಿಯೂ ಕಡೆದುದಲ್ಲ. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೂ ರಜೆ. ಕಡಲಿನ ಮಕ್ಕಳೇ ಕಡಲಿಗಿಳಿಯದ ದಿನಗಳಲ್ಲಿ ಬಯಲುಸೀಮೆಯ ನಮಗೆ ಅಲ್ಲೇನು ಕೆಲಸ?

ಇನ್ನು ಅತಿ ಮುಖ್ಯವಾದ ಮಾತಿಗೆ ಬರೋಣ. ನಾಲ್ಕೂವರೆ ಗಂಟೆ, ನಿದ್ದೆ ಮುಗಿಸಿದ ಸಂಸಾರಗಳೆಲ್ಲ ಒಟ್ಟಿಗೆ ನೀರಿಗಿಳಿಯುವ ವೇಳೆ. ಮಧ್ಯಾಹ್ನವೆಲ್ಲ ಬೀಸಿದ ಗಾಳಿಯಿಂದ ಅಲೆಗಳು ಎದ್ದಿರುವ ವೇಳೆಯೂ ಅದೇ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕಲ್ಲವೆ? ಅದು ದಡದುದ್ದಕ್ಕೂ ಸಮನಾಗಿ ಹಿಂದಿರುಗುವುದಿಲ್ಲ. ಮರಳದಿಬ್ಬಗಳ ನಡುವೆ ತಗ್ಗಾದ ದಾರಿ ಹುಡುಕಿಕೊಂಡು, ಕಾಲುವೆಯಂತೆ ರಭಸವಾಗಿ ಕಡಲಿನತ್ತ ಹರಿಯುತ್ತದೆ. ಈ ಸೆಳೆತದ ವೇಗವು ಒಮ್ಮೊಮ್ಮೆ ಸೆಕೆಂಡಿಗೆ ಎರಡು ಮೀಟರಿನವರೆಗೂ ಹೋಗುತ್ತದೆ. ಪಳಗಿದ ಈಜುಗಾರನೂ ಅದಕ್ಕೆ ಎದುರಾಗಿ ಬಹುಕಾಲ ಈಜಲಾರ. ವಿಚಿತ್ರವೆಂದರೆ, ಕಾಲುವೆಯ ಮೇಲೆ ನೀರು ಆಳವಾಗಿರುವುದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ. ಎರಡೂ ಬದಿಗಳಲ್ಲಿ ಬಿಳಿ ನೊರೆ, ನಡುವೆ ಸ್ವಲ್ಪ ಕಪ್ಪಾದ, ಶಾಂತವಾದ ನೀರು. ಅಲೆಯ ಅಬ್ಬರಕ್ಕೆ ಹೆದರಿದ ತಾಯಿ, "ಅಲ್ಲಿ ಬೇಡ ಮಗು, ಇಲ್ಲಿ ನೀರು ಶಾಂತವಾಗಿದೆ, ಇಲ್ಲಿ ಆಡು" ಎಂದು ಪ್ರೀತಿಯಿಂದ ಕರೆತರುವುದು ಆ ಸ್ಥಳಕ್ಕೇ!

ಸಿಕ್ಕಿಕೊಂಡವರು ಮಾಡಬೇಕಾದುದು ಇಷ್ಟೆ. ಗಾಬರಿಯಾಗದೆ ಮೈಯನ್ನು ತೇಲಬಿಡಬೇಕು. ಈ ಸೆಳೆತ ದೂರಕ್ಕೆ ಒಯ್ಯುತ್ತದೆಯೇ ಹೊರತು ತಳಕ್ಕೆ ಎಳೆಯುವುದಿಲ್ಲ. ಈಜು ಬಲ್ಲವರು ದಡಕ್ಕೆ ನೇರವಾಗಿ ಬರಲೆತ್ನಿಸದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಿದ್ದು, ಅನಂತರ ದಡದತ್ತ ತಿರುಗಬೇಕು. ಬಾರದವರು ತೇಲುತ್ತ ಕೈಯೆತ್ತಿ ಕರೆಯಬೇಕು. ದಡದಲ್ಲಿರುವವರು ಹಿಂದೆಮುಂದೆ ನೋಡದೆ ಧುಮುಕಬಾರದು. ಒಬ್ಬರನ್ನು ಕಾಪಾಡಹೋಗಿ ಇಬ್ಬರು ಹೋದ ಸಂದರ್ಭಗಳು ಅನೇಕ. ಜೀವರಕ್ಷಕರನ್ನು ಕೂಗಿ, ಖಾಲಿ ಕ್ಯಾನೋ, ಚೆಂಡೋ, ಹಗ್ಗವೋ, ತೇಲುವುದು ಏನು ಸಿಕ್ಕರೂ ಎಸೆಯಬೇಕು.

ಇದು ಪುಸ್ತಕದ ಬದನೆಕಾಯಿಯಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ಮಡಿದರು. ನೀರಿಗೆ ಬರಗಾಲವಿರುವ ಸೀಮೆಯ ಮಕ್ಕಳಿಗೆ ಅಷ್ಟೊಂದು ನೀರನ್ನು ಕಂಡಾಗ ಉಕ್ಕುವ ಸಂತೋಷವನ್ನು ಊಹಿಸಿಕೊಳ್ಳಿ. ಆ ಸಂತೋಷದ ತಪ್ಪಲ್ಲ ಅದು. ಅದಕ್ಕೊಂದು ಕಾವಲನ್ನು ಒದಗಿಸಬೇಕಾದವರು ದೊಡ್ಡವರು.

ಕಾವಲು ಕಷ್ಟವೇನಲ್ಲ. ಜೀವರಕ್ಷಕರಿರುವ, ಗಡಿ ಗುರುತಿಸಿದ ಸ್ಥಳದಲ್ಲಿಯೇ ಇಳಿಯಿರಿ. 2020ರಲ್ಲಿ ಅಂತರರಾಷ್ಟ್ರೀಯ ನೀಲಿ ಧ್ವಜದ ಮನ್ನಣೆಯನ್ನು ಪಡೆದ ಪಡುಬಿದ್ರಿ, ಹೊನ್ನಾವರದ ಬಳಿಯ ಕಾಸರಕೋಡುಗಳಲ್ಲಿ ಇಂಥ ವ್ಯವಸ್ಥೆಗೆ ಹೆಸರಾದ ತೀರಗಳಿವೆ. ಆಕಾಶ ತಿಳಿಯಾಗಿದೆಯೆಂದು ನಂಬಬೇಡಿ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಂದೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಪಯಣಿಸಿ, ಗಾಳಿಯಿಲ್ಲದ ದಿನವೂ ನಮ್ಮ ದಡಕ್ಕೆ ಅಪ್ಪಳಿಸುವುದುಂಟು. ಕಳ್ಳನಂತೆ ಸದ್ದಿಲ್ಲದೆ ಬರುವುದರಿಂದ ಕೇರಳದವರು ಇದನ್ನು ಕಳ್ಳಕ್ಕಡಲ್ ಎಂದು ಕರೆದಿದ್ದಾರೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರವು ಇದರ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಮಕ್ಕಳಿಗೆ ಮೊಣಕಾಲಿನ ಆಳವೆಂದರೆ ಮಕ್ಕಳ ಮೊಣಕಾಲು, ತಂದೆಯದಲ್ಲ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಒಬ್ಬ ದೊಡ್ಡವರಿಗೆ ಅವರನ್ನು ನೋಡುವುದೊಂದೇ ಉದ್ಯೋಗವಾಗಿರಬೇಕು. ಛಾಯಾಚಿತ್ರವಲ್ಲ, ಫೋನಲ್ಲ, ಹರಟೆಯೂ ಅಲ್ಲ.

ಆ ಒಬ್ಬರು ಯಾರು? ಇಲ್ಲಿ ಗೃಹಿಣಿಯ ವಿಚಾರಕ್ಕೆ ಬಂದೆವು. ಯಾವ ಕಡಲತೀರಕ್ಕಾದರೂ ಹೋಗಿ ನೋಡಿ. ಚಪ್ಪಲಿಗಳು, ಕನ್ನಡಕ, ಟವಲುಗಳು, ಕೈಚೀಲ, ಒಣಗಲಿಟ್ಟ ಅಂಗಿ, ಇವುಗಳ ನಡುವೆ ಒಬ್ಬಾಕೆ ಕುಳಿತಿರುತ್ತಾಳೆ. ಮಕ್ಕಳ ಮೇಲೆ ಒಂದು ಕಣ್ಣು, ಚೀಲದ ಮೇಲೆ ಒಂದು ಕಣ್ಣು. ಸಮುದ್ರದ ನೆಂಟಸ್ತಿಕೆ ಉಪ್ಪಿಗೆ ಬಡತನವೆಂಬ ಗಾದೆ ಆಕೆಯನ್ನು ನೋಡಿಯೇ ಹುಟ್ಟಿರಬೇಕು! ನಾನೂರು ಕಿಲೋಮೀಟರ್ ಬಂದು, ಪಾದವನ್ನೂ ನೆನೆಸದೆ ಹಿಂದಿರುಗುವಾಕೆ. ಕಾವಲನ್ನು ಸರದಿಯ ಮೇಲೆ ಹಂಚಿಕೊಂಡರೆ ಎರಡು ಲಾಭವುಂಟು. ಕಾಯುವವರ ಕಣ್ಣು ದಣಿಯುವುದಿಲ್ಲ, ಮಕ್ಕಳು ಕ್ಷೇಮ. ತಾಯಿಗೂ ಅರ್ಧ ಗಂಟೆ ಕಡಲು ಸಿಗುತ್ತದೆ.

ಹೊರಡುವ ಮುನ್ನ ಮನೆಯಲ್ಲಿ ಪಟ್ಟಿ ಬರೆಯುವಾಗ, ತಿಂಡಿ ಊಟಗಳ ವೇಳೆಯ ಪಕ್ಕದಲ್ಲಿ ಆ ದಿನದ ಉಬ್ಬರ ಇಳಿತಗಳ ವೇಳೆಯನ್ನೂ, ಕಾವಲಿನ ಸರದಿಯನ್ನೂ ಬರೆದಿಡಿ. ಸ್ನಾನವನ್ನು ಗಾಳಿಯಿಲ್ಲದ ಬೆಳಗಿಗೆ ಸರಿಸಿ, ಸಂಜೆಯನ್ನು ಕೇವಲ ನೋಡುವುದಕ್ಕೆ ಇಟ್ಟುಕೊಳ್ಳಿ. ಸೂರ್ಯನು ಮುಳುಗುವ ಹೊತ್ತಿಗೆ ಮನೆಮಂದಿಯೆಲ್ಲ ಒಣಬಟ್ಟೆಯುಟ್ಟು, ಬಿಸಿ ಗೋಳಿಬಜೆಯ ಪೊಟ್ಟಣವನ್ನು ನಡುವೆ ಇಟ್ಟುಕೊಂಡು, ಒಟ್ಟಿಗೆ ಕುಳಿತಿರಲಿ. ತಲೆಗಳನ್ನು ಎಣಿಸಿದಾಗ ಲೆಕ್ಕ ಸರಿಯಾಗಿರಲಿ.