ಟವರ್‌ಗೆ ಬೈಯುವ ಮೊದಲು ಒಂದು ಕೂ ಹಾಕೋಣ

ಮಳೆಗಾಲ ಶುರುವಾದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಒಂದೇ ಮಾತು: ‘ನೆಟ್‌ವರ್ಕ್ ಇಲ್ಲ ಮಾರಾಯ್ರೆ’. 2021ರಲ್ಲಿ ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಭಿಯಾನವೇ ನಡೆಯಿತು. ಆನ್‌ಲೈನ್ ಕ್ಲಾಸಿಗಾಗಿ ಮಕ್ಕಳು ಗುಡ್ಡ ಹತ್ತುತ್ತಿದ್ದ ಕಾಲ ಅದು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ‘ನೆಟ್‌ವರ್ಕ್ ಇಲ್ಲ’ ಎಂಬ ಎರಡೇ ಪದದ ದೂರು ಯಾರಿಗೂ ಬಿಸಿ ಮುಟ್ಟಿಸುವುದಿಲ್ಲ.

ನಮ್ಮದೇ ಕಥೆ ಕೇಳಿ. ನಾವು ಸುದ್ದಿ ಬರೆಯುವ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಲಿನಕ್ಸ್ ಹಾಕಿಕೊಂಡಿದ್ದೇವೆ. ಹೋದ ಮಳೆಗಾಲದಲ್ಲಿ ಎರಡು ದಿನ ಒಂದು ಪುಟವೂ ತೆರೆಯಲಿಲ್ಲ. ಫೈಬರ್ ಕಂಪನಿಗೆ ಫೋನ್ ಮಾಡಿದರೆ ‘ಮರ ಬಿದ್ದಿರಬೇಕು, ಹುಡುಗರು ಬರ್ತಾರೆ’ ಅಂದರು. ಯಾರೂ ಬರಲಿಲ್ಲ. ‘ನಿಮ್ಮ ದೂರು ಬಗೆಹರಿದಿದೆ’ ಎಂಬ ಮೆಸೇಜ್ ಬಂತು. ಅದನ್ನು ಓದಿದ್ದೂ ಗುಡ್ಡ ಹತ್ತಿದಾಗಲೇ!

ಕೊನೆಗೆ ಟರ್ಮಿನಲ್ ತೆರೆದೆವು. ಅಲ್ಲಿ ‘ಪಿಂಗ್’ ಅಂತ ಒಂದು ಆಜ್ಞೆ ಇದೆ. ಮೈಕ್ ಮೂಸ್ ಎಂಬ ಅಮೆರಿಕದವರು 1983ರಲ್ಲಿ ಬರೆದದ್ದು. ಕೆಲಸ ನಮಗೆ ಹೊಸದೇನಲ್ಲ. ಗುಡ್ಡದ ಈಚೆಯಿಂದ ಕೂ ಹಾಕುವುದು, ಆಚೆಯಿಂದ ಕೂ ಬರುತ್ತದಾ ಅಂತ ಕಿವಿಗೊಡುವುದು, ಅಷ್ಟೆ. ಮೊದಲು ಮನೆಯ ರೂಟರಿಗೆ, ಅಂದರೆ 192.168.1.1ಕ್ಕೆ ಹಾಕಿದೆವು. (ಕೆಲವು ಮನೆಗಳಲ್ಲಿ ಈ ನಂಬರ್ ಬೇರೆ ಇರುತ್ತದೆ, ‘ಐಪಿ ರೂಟ್’ ಎಂದು ಟೈಪ್ ಮಾಡಿದರೆ ತೋರಿಸುತ್ತದೆ.) ಉತ್ತರ ಬಂತು. ಊರಾಚೆಯ 8.8.8.8ಕ್ಕೆ ಹಾಕಿದರೆ ಅಲ್ಲಿಂದಲೂ ಬಂತು! ಹಾಗಾದರೆ ಮರವೂ ಬಿದ್ದಿಲ್ಲ, ಫೈಬರೂ ತುಂಡಾಗಿಲ್ಲ. ನಂಬರ್ ಬದಲು ವೆಬ್‌ಸೈಟಿನ ಹೆಸರು ಕೊಟ್ಟಾಗ ಮಾತ್ರ ಮೌನ.

ಕೆಟ್ಟಿದ್ದು ಡಿಎನ್ಎಸ್. ಹೆಸರು ಹೇಳಿದರೆ ನಂಬರ್ ಹುಡುಕಿಕೊಡುವ ವ್ಯವಸ್ಥೆ ಅದು. ಫೋನ್ ಸರಿ ಇದ್ದು ಕಾಂಟ್ಯಾಕ್ಟ್ ಪಟ್ಟಿ ಅಳಿಸಿಹೋದರೆ ಹೇಗೋ ಹಾಗೆ. ನಾವು ಸೆಟ್ಟಿಂಗಿನಲ್ಲಿ ಬೇರೆ ಡಿಎನ್ಎಸ್ ಹಾಕಿಕೊಂಡೆವು, ಪುಟಗಳು ತೆರೆದವು. ಮತ್ತೆ ಕಂಪನಿಗೆ ಫೋನ್ ಮಾಡಿ ‘ಹೊರಗಿನ ನಂಬರ್ ಸಿಗ್ತಿದೆ, ನಿಮ್ಮ ಡಿಎನ್ಎಸ್ ಉತ್ತರ ಕೊಡ್ತಿಲ್ಲ’ ಅಂದಾಗ, ಮೊದಲ ಬಾರಿಗೆ ಇಂಜಿನಿಯರ್ ಒಬ್ಬರು ಲೈನಿಗೆ ಬಂದರು. ಸಂಜೆಯೊಳಗೆ ಅಕ್ಕಪಕ್ಕದ ಮನೆಗಳಿಗೂ ಸರಿಯಾಯಿತು.

ದುಡ್ಡು ಕೊಟ್ಟು ರಿಪೇರಿಯನ್ನೂ ನಾವೇ ಮಾಡಬೇಕಾ ಎಂದು ನೀವು ಕೇಳಬಹುದು. ಬೇಡ. ಆದರೆ ನೋವು ಎಲ್ಲಿ ಎಂದು ತೋರಿಸಿದರೆ ‘ಮರ ಬಿದ್ದಿದೆ’ ಎಂಬ ನೆಪ ನಡೆಯುವುದಿಲ್ಲ. ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಸತ್ತಿದ್ದರೆ ಯಾವ ಪಿಂಗೂ ಕೆಲಸಕ್ಕೆ ಬಾರದು. ಆಗ ಎಷ್ಟು ಗಂಟೆಗೆ ಸಿಗ್ನಲ್ ಹೋಯಿತು, ಯಾವಾಗ ಬಂತು ಎಂದು ಬರೆದಿಟ್ಟು ಊರಿನವರೆಲ್ಲ ಸೇರಿ ದೂರು ಕೊಡಬೇಕು. ಕಂಪನಿಗಳೂ ಅಷ್ಟೇ, ‘ಬಗೆಹರಿದಿದೆ’ ಎನ್ನುವ ಮೊದಲು ಏನು ಕೆಟ್ಟಿತ್ತು ಎಂದು ತಿಳಿಸಲೇಬೇಕು. ಪಂಚಾಯ್ತಿ ಲೈಬ್ರರಿಗಳ ಕಂಪ್ಯೂಟರಿನಲ್ಲಿ ಊರಿನ ನಾಲ್ಕು ಹುಡುಗ ಹುಡುಗಿಯರಿಗೆ ಈ ಪರೀಕ್ಷೆ ಕಲಿಸಲು ಒಂದು ಮಧ್ಯಾಹ್ನ ಸಾಕು.

ಲ್ಯಾಪ್‌ಟಾಪ್ ಇಲ್ಲದವರು ಫೋನಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ‘ಪ್ರೈವೇಟ್ ಡಿಎನ್ಎಸ್’ ಒಮ್ಮೆ ನೋಡಿ. ಯಾರೋ ಹೇಳಿದರೆಂದು ಅಲ್ಲಿ ತಪ್ಪು ಹೆಸರು ತುಂಬಿದ್ದರೆ, ಸಿಗ್ನಲ್ ಕಡ್ಡಿ ಪೂರ್ತಿ ಇದ್ದರೂ ಪುಟ ತೆರೆಯುವುದಿಲ್ಲ.