ಒತ್ತಕ್ಷರವನ್ನು ಕತ್ತರಿಸಿದವರು ಯಾರು?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದ ಜಾಲತಾಣವು ಹೊಸ ರೂಪ ತಳೆದ ದಿನ, ದಾನಿಗಳ ಪಟ್ಟಿಯಲ್ಲಿ ಪುಟ್ಟಮ್ಮನವರು ‘ಪುಟಮ’ ಆಗಿದ್ದರು. ಸ್ವಾತಂತ್ರ್ಯೋತ್ಸವದ ವರದಿಯ ಶೀರ್ಷಿಕೆ ‘ಸಾತಂತೋತವ’ ಎಂದಿತ್ತು. ಪ್ರತಿ ಸಾಲಿನ ಕೆಳಗೂ ಯಾರೋ ಕುಡುಗೋಲು ಹಾಯಿಸಿದಂತೆ ಒತ್ತಕ್ಷರಗಳೆಲ್ಲ ಉರುಳಿದ್ದವು.

ವಿನ್ಯಾಸ ಮಾಡಿದಾಕೆಯನ್ನು ಕೇಳಿದೆ. “ಸರ್, ನಾನು ಕೊಟ್ಟ ಚಿತ್ರದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು” ಎಂದಳು. ಅದನ್ನು ತಂತ್ರಾಂಶವಾಗಿಸಿದ ಹುಡುಗ, “ಮೇಷ್ಟ್ರೇ, ಅವರು ಕೊಟ್ಟ ಅಳತೆಯನ್ನು ಚಾಚೂ ತಪ್ಪದೆ ಹಾಕಿದ್ದೇನೆ” ಎಂದ. ಇಬ್ಬರೂ ನಿಜವನ್ನೇ ನುಡಿದಿದ್ದರು! ಆಕೆಯ ಚಿತ್ರದಲ್ಲಿ ಕನ್ನಡವೇ ಇರಲಿಲ್ಲ. ವಿನ್ಯಾಸಕಾರರು ಜಾಗ ತುಂಬಲು ಬಳಸುವ ‘ಲೊರೆಮ್ ಇಪ್ಸಮ್’ ಇತ್ತು, ಕ್ರಿ.ಪೂ. 45ರಲ್ಲಿ ಸಿಸೆರೋ ಬರೆದ ಲ್ಯಾಟಿನ್ ಗ್ರಂಥವೊಂದರ ಚೂರುಗಳನ್ನು ಕಲಸಿದ, ಅರ್ಥವಿಲ್ಲದ ಪಠ್ಯ. ರೋಮನ್ ಅಕ್ಷರಕ್ಕೆ ಒತ್ತಿಲ್ಲ. ಅಲ್ಲೊಂದು ಇಲ್ಲೊಂದು ಬಾಲ ಕೆಳಗಿಳಿದರೆ ಹೆಚ್ಚು. ಆ ಅಕ್ಷರಕ್ಕೆ ಹೊಲಿದ ಅಂಗಿಯನ್ನು ‘ರಾಷ್ಟ್ರ’ಕ್ಕೆ ತೊಡಿಸಿದರೆ ಏನಾದೀತು? ಅಕ್ಷರದ ಎತ್ತರದ 1.2 ಪಾಲಷ್ಟೇ ಸಾಲಿಗೆ ಜಾಗ; ಅದನ್ನು ಮೀರಿದ್ದನ್ನು ಮರೆಮಾಡೆಂದು ಆಜ್ಞೆ ಬೇರೆ. ಗಣಕಯಂತ್ರ ವಿಧೇಯ ಪ್ರಾಣಿ, ಮರೆಮಾಡಿತು.

ಇವರಿಬ್ಬರ ಮೇಲೆ ನನಗೆ ಅಷ್ಟು ಕೋಪವಿಲ್ಲ. ಕೋಪ ಬಂದದ್ದು ಸಂಘದ ಸಭೆಯಲ್ಲಿ ಹಿರಿಯರೊಬ್ಬರು ಇತ್ತ ಸಮಾಧಾನಕ್ಕೆ: “ನಮ್ಮ ಲಿಪಿಯೇ ತೊಡಕಿನದು, ಯಂತ್ರಕ್ಕೆ ಒಗ್ಗುವುದಿಲ್ಲ.” ಸ್ವಾಮಿ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಕಿಟೆಲ್ಲರ ನಿಘಂಟನ್ನು ಒಮ್ಮೆ ತೆರೆದು ನೋಡಿ. 1,700ಕ್ಕೂ ಮಿಕ್ಕ ಪುಟಗಳು. ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸುತ್ತಿದ್ದ ಕಾಲದಲ್ಲಿ ಒತ್ತಿಗೆ ದೊರೆತ ಜಾಗ, ಒಂದು ಅಂಕಿ ತಿದ್ದಿದರೆ ಸಾಲು ಹಿಗ್ಗುವ ಈ ಕಾಲದಲ್ಲಿ ದೊರೆಯದೆಂದರೆ ಅದು ಲಿಪಿಯ ದೋಷವೇ? ಅಂದು ಮೊಳೆ ಎರಕ ಹೊಯ್ದವನಿಗೂ ಜೋಡಿಸಿದವನಿಗೂ ಮುಂದೆ ಇದ್ದದ್ದು ಕನ್ನಡ. ಇಂದು ವಿನ್ಯಾಸ ಒಂದು ಊರಿನಲ್ಲಿ, ತಂತ್ರಾಂಶ ಇನ್ನೊಂದರಲ್ಲಿ. ನಡುವೆ ಓಡಾಡುವುದು ಒಂದು ಚಿತ್ರ. ಜಾಲತಾಣ ಯಾರಿಗಾಗಿಯೋ ಅವರ ಒಂದು ವಾಕ್ಯವೂ ಆ ದಾರಿಯಲ್ಲಿ ಹಾದುಹೋಗುವುದಿಲ್ಲ. ಇದನ್ನು ಸಹಯೋಗವೆಂದು ಕರೆಯಲು ನಾನು ಒಪ್ಪಲಾರೆ.

ಕಡೆಗೆ ಹಟ ಹಿಡಿದು ಇಬ್ಬರನ್ನೂ ಒಂದು ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಕೂರಿಸಿದೆ. (ಅವರು ಅದುವರೆಗೆ ಪರಸ್ಪರ ಮುಖ ನೋಡಿರಲಿಲ್ಲವೆಂಬುದು ಕಾಫಿ ಕೊಡುವಾಗ ತಿಳಿಯಿತು.) ದಾನಿಗಳ ಪಟ್ಟಿಯನ್ನು ಮುಂದಿಟ್ಟೆ. ಆಕೆ ಅಳತೆಯನ್ನು 1.7ಕ್ಕೆ ಏರಿಸಲು ಹೇಳಿದಳು, ಅವನು ಮರೆಮಾಡುವ ಆಜ್ಞೆಯನ್ನು ಕಿತ್ತ. ಪುಟ್ಟಮ್ಮ ಮರಳಿದರು. ಹಿಡಿದದ್ದು ಅರ್ಧ ಗಂಟೆ.

ಇನ್ನೊಂದು ಗಾಯ ಅಷ್ಟು ಸುಲಭವಾಗಿ ಮಾಯಲಿಲ್ಲ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ಬೆರೆಯದಂತೆ ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ನಡುವೆ ಇಡುತ್ತೇವೆ. ಹಳೆಯ ಬರಹಗಳನ್ನು ಹೊಸ ತಾಣಕ್ಕೆ ಸಾಗಿಸುವಾಗ ಹುಡುಗ ಅಂಥವನ್ನೆಲ್ಲ ಕಸವೆಂದು ಗುಡಿಸಿಬಿಟ್ಟಿದ್ದ. ಈಗ ಎಲ್ಲೆಡೆ ‘ರಾಜ್ಕುಮಾರ್’. ಹಳೆಯ ಪ್ರತಿಯನ್ನು ಯಾರೂ ಉಳಿಸಿಕೊಂಡಿಲ್ಲ. ಸಂಘದ ಮುದ್ರಿತ ಸ್ಮರಣಸಂಚಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಹತ್ತು ಹೆಸರುಗಳನ್ನು ತಿದ್ದುತ್ತಿದ್ದೇನೆ. ನಿನ್ನೆಗೆ ‘ಮ’ಕಾರ ಮುಗಿಯಿತು.