ಆರುನೂರು ಡಾಲರಿನ ಹೊಲ

1929ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಅದರ ಬೆನ್ನಿಗೇ ಬಂದ ಆರ್ಥಿಕ ಮುಗ್ಗಟ್ಟಿನಲ್ಲಿ, 1933ರ ವೇಳೆಗೆ ದುಡಿಯಬಲ್ಲ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಕಂಬಳಿಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಹೊಲದಿಂದ ಹೊಲಕ್ಕೆ ಅಲೆಯುವ ಕೂಲಿಗಾರರು ಕ್ಯಾಲಿಫೋರ್ನಿಯದಲ್ಲಿ ಮೊದಲೇ ಇದ್ದರು. ಅವರ ಪಾಡು ಈಗ ಇನ್ನಷ್ಟು ಕೆಟ್ಟಿತು. ತಾವೂ ಕೆಲಕಾಲ ಅಂಥವರೊಡನೆ ದುಡಿದಿದ್ದ ಜಾನ್ ಸ್ಟೈನ್‌ಬೆಕ್ 1937ರಲ್ಲಿ ‘ಆಫ್ ಮೈಸ್ ಅಂಡ್ ಮೆನ್’ ಎಂಬ ಕಿರುಕಾದಂಬರಿಯನ್ನು ಪ್ರಕಟಿಸಿದರು.

ಕಥೆ ನಡೆಯುವುದು ಸೊಲೆಡಾಡ್ ಎಂಬ ಊರಿನ ಬಳಿ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಒಂಟಿತನವೆಂದೇ ಅರ್ಥ. ಅಲ್ಲಿಗೆ ಕೂಲಿಗೆ ಬಂದ ಜಾರ್ಜ್ ಚುರುಕಿನವನು. ಅವನ ಸಂಗಡಿಗ ಲೆನ್ನಿ ದೈತ್ಯದೇಹದ, ಮಗುವಿನ ಬುದ್ಧಿಯವನು. ತುಂಡು ಹೊಲ, ಒಂದು ಹಸು, ಕೆಲವು ಮೊಲಗಳು: ಇಷ್ಟೇ ಅವರ ಕನಸು.

ಇದು ಬರಿಯ ಹಗಲುಗನಸೆಂದು ಹೇಳುವವರುಂಟು. ನಾನು ಒಪ್ಪಲಾರೆ. ಲೆಕ್ಕ ಹಾಕಿ ನೋಡೋಣ. ಹೊಲದ ಬೆಲೆ 600 ಡಾಲರ್. ಕೈ ಕಳೆದುಕೊಂಡ ಮುದುಕ ಕ್ಯಾಂಡಿಗೆ ಪರಿಹಾರವಾಗಿ ಬಂದದ್ದು 250 ಡಾಲರ್, ಎಂದರೆ ಆಳೊಬ್ಬನ ಐದು ತಿಂಗಳ ಕೂಲಿ! ಉಳಿತಾಯವೂ ಬರಬೇಕಾದ ಕೂಲಿಯೂ ಸೇರಿ ಅವನದು 350. ಗೆಳೆಯರಿಬ್ಬರ ತಿಂಗಳ ಕೂಲಿ 100. ಒಬ್ಬೊಬ್ಬರಾಗಿ ಯಾರಿಗೂ ಎಟುಕದಿದ್ದ ಹೊಲ ಮೂವರು ಕೂಡಿದೊಡನೆ ಕಣ್ಣಳತೆಗೆ ಬಂದಿತು.

ಕುದುರೆಲಾಯದ ಆಳು ಕ್ರುಕ್ಸ್‌ನ ಪ್ರಸಂಗವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಕಪ್ಪುಜನಾಂಗದವನಾದುದರಿಂದ ಉಳಿದ ಆಳುಗಳ ಬಿಡಾರಕ್ಕೆ ಅವನಿಗೆ ಪ್ರವೇಶವಿಲ್ಲ. ಅವನಿಗೆ ಪುಸ್ತಕಗಳೇ ಸಂಗಾತಿ. ಮನುಷ್ಯನಿಗೆ ಅವು ಸಾಲವೆಂಬುದನ್ನೂ ಅವನು ಬಲ್ಲ. (ಜೀವಮಾನವೆಲ್ಲ ಪುಸ್ತಕವನ್ನೇ ನೆಚ್ಚಿದ ನನ್ನಂಥ ಉಪಾಧ್ಯಾಯನಿಗೆ ಇದು ನಾಟುವ ಮಾತು.) ಇಂಥ ಕನಸು ಕಂಡ ನೂರಾರು ಜನರನ್ನು ನೋಡಿರುವ ಕ್ರುಕ್ಸ್ ಮೊದಲು ನಗುತ್ತಾನೆ. ಹಣ ನಿಜವಾಗಿಯೂ ಇದೆಯೆಂದು ತಿಳಿದಾಗ, ಊಟವಿಷ್ಟು ಸಿಕ್ಕರೆ ಸಾಕು, ಕೂಲಿಯಿಲ್ಲದೆ ದುಡಿಯುವೆನೆನ್ನುತ್ತಾನೆ. ಅಷ್ಟರಲ್ಲಿ ಯಜಮಾನನ ಸೊಸೆ ಬಂದು, ಮರಕ್ಕೆ ನೇಣು ಹಾಕಿಸಬಲ್ಲೆನೆಂದು ಅವನನ್ನು ಬೆದರಿಸುತ್ತಾಳೆ. ಕಾದಂಬರಿಕಾರರು ಅವಳಿಗೆ ಹೆಸರನ್ನೇ ಕೊಟ್ಟಿಲ್ಲ. ಸಿನಿಮಾ ನಟಿಯಾಗಬೇಕೆಂದಿದ್ದ ಅವಳೂ ಆ ಮನೆಯಲ್ಲಿ ಒಂಟಿಯೇ. ಅವಳು ಹೋದ ಮೇಲೆ ಕ್ರುಕ್ಸ್ ತಾನು ತಮಾಷೆಗೆ ಹೇಳಿದೆನೆಂದು ಮಾತನ್ನು ಹಿಂತೆಗೆದುಕೊಂಡು, ಒಬ್ಬನೇ ಕುಳಿತು ಬೆನ್ನಿಗೆ ನೋವಿನ ಮದ್ದು ತಿಕ್ಕಿಕೊಳ್ಳುತ್ತಾನೆ.

ಮುಂದೆ ಲೆನ್ನಿಯ ಅರಿವಿಲ್ಲದ ಬಲಕ್ಕೆ ಸಿಕ್ಕಿ ಆ ಹೆಣ್ಣು ಸಾಯುತ್ತಾಳೆ. ಬೆನ್ನಟ್ಟಿ ಬರುವ ಗುಂಪಿನ ಕೈಗೆ ಅವನು ಸಿಗಬಾರದೆಂದು ಜಾರ್ಜನೇ, ಹೊಲದ ಕಥೆ ಹೇಳುತ್ತ ಹೇಳುತ್ತ, ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅದು ಸರಿಯೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಅದಕ್ಕೆ ತುಸು ಹಿಂದಿನ ಪುಟವನ್ನು ಓದಿರೆಂದು ನಾನು ಹೇಳುತ್ತಿದ್ದೆ. ಅಲ್ಲಿ ಹೆಣದ ಮುಂದೆ ನಿಂತ ಕ್ಯಾಂಡಿ, ನಾವಿಬ್ಬರೇ ಆ ಹೊಲವನ್ನು ಕೊಳ್ಳಬಹುದಲ್ಲವೇ ಎಂದು ಕೇಳುತ್ತಾನೆ. ಲೆಕ್ಕದಲ್ಲಿ ಕಡಿಮೆಯಾದದ್ದು ಲೆನ್ನಿಯ 50 ಡಾಲರ್ ಮಾತ್ರ. ಆದರೂ ಜಾರ್ಜ್, ತಿಂಗಳು ತುಂಬಿಸಿ, ತನ್ನ 50 ಡಾಲರ್ ಪಡೆದು, ಉಳಿದ ಆಳುಗಳಂತೆ ಪಟ್ಟಣಕ್ಕೆ ಹೋಗಿ ಅದನ್ನು ಕಳೆದುಬಿಡುವೆನೆನ್ನುತ್ತಾನೆ.